ಎರಿಮಣ್ಣಿನ ಹಿತ್ತಲಲ್ಲಿ ಕಾಯಿಪಲ್ಯ: ನೀರು ಹಾಕುವ ಮೊದಲು ನೀರು ಹೋಗುವ ದಾರಿ ಮಾಡಿ

ಜುಲೈ ತಿಂಗಳಲ್ಲಿ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದು ಐದನೆಯ ದಿನ ಬಿಸಿಲು ಬಿದ್ದರೆ, ಹಿತ್ತಲಲ್ಲಿನ ಮೆಣಸಿನ ಸಸಿ, ಬದನಿ ಸಸಿ ತಲೆ ಚೆಲ್ಲಿ ನಿಲ್ಲುತ್ತವೆ. ಬಾಡಿದ್ದು ಕಂಡ ಮನೆಮಂದಿ ಒಂದು ಕೊಡ ನೀರು ಸುರಿಯುತ್ತಾರೆ. ಮರುದಿನ ಸಸಿ ಇನ್ನಷ್ಟು ಬಾಡುತ್ತದೆ, ಇನ್ನೊಂದು ಕೊಡ ಬೀಳುತ್ತದೆ. ವಾರ ಕಳೆಯುವುದರೊಳಗೆ ಎಲೆ ಹಳದಿಯಾಗಿ ಸಸಿ ಸತ್ತುಹೋಗುತ್ತದೆ. "ನಮ್ಮ ಕೈಗುಣಾನ ಸರಿ ಇಲ್ರಿ" ಎಂಬ ಮಾತು ಆಮೇಲೆ. ಕೈಗುಣದ ತಪ್ಪೇನೂ ಇಲ್ಲ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗಲಿಲ್ಲ, ಉಸಿರುಕಟ್ಟಿ ಸತ್ತಿತು.

ಕುಂದಗೋಳ ತಾಲೂಕಿನ ಯರಗುಪ್ಪಿ, ಸಂಶಿ, ಗುಡಗೇರಿ, ಅತ್ತ ನವಲಗುಂದ, ಅಣ್ಣಿಗೇರಿ ಸೀಮೆಯವರಿಗೆ ಎರಿಮಣ್ಣಿನ ಒಕ್ಕಲುತನ ಹೊಸತಲ್ಲ. ಹತ್ತಿ, ಕಡಲೆ, ಹೆಸರು, ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿಯನ್ನು ಎಕರೆಗಟ್ಟಲೆ ಬೆಳೆದು ಮಾರುವವರು ಇವರು. ಅದೇ ಮನೆಯವರು ಒಂದು ಸಿವುಡು ಕೊತ್ತಂಬರಿಗೆ ಸಂತೆಯ ದಾರಿ ಕಾಯುತ್ತಾರೆ. ಹಿಂದೆ ಇಷ್ಟು ಕಾಯಬೇಕಿರಲಿಲ್ಲ. ಜೋಳದ ಹೊಲದಲ್ಲಿ, ಹತ್ತಿ ಹೊಲದಲ್ಲಿ ಹೆಣ್ಣುಮಕ್ಕಳು ಅಕ್ಕಡಿ ಸಾಲು ಹಾಕುತ್ತಿದ್ದರು. ಪುಂಡಿ, ಅವರಿ, ಅಲಸಂದಿ, ಬೆಂಡಿ, ಸವತಿ ಅಲ್ಲಿಂದಲೇ ಮನೆಗೆ ಬರುತ್ತಿದ್ದವು. ಕಳೆನಾಶಕ ಬಂದಮೇಲೆ ಅಕ್ಕಡಿ ಹೋಯಿತು. ಈಗ ಉಳಿದಿರುವ ಜಾಗ ಹಿತ್ತಲು ಒಂದೇ.

ಹೊಲದಲ್ಲಿ ಇಷ್ಟು ಚೆನ್ನಾಗಿ ಬೆಳೆಯುವ ಮಣ್ಣು ಹಿತ್ತಲಲ್ಲಿ ಯಾಕೆ ಕೈಕೊಡುತ್ತದೆ? ಹೊಲಕ್ಕೆ ಇಳಿಜಾರಿದೆ, ಬದುವಿದೆ, ಹೆಚ್ಚಾದ ನೀರು ಹರಿದುಹೋಗಲು ಹಾದಿಯಿದೆ, ವರ್ಷಕ್ಕೊಮ್ಮೆ ಕುಂಟೆ ನೇಗಿಲು ತಿರುಗುತ್ತವೆ. ಹಿತ್ತಲಿನದು ದನ ತುಳಿದು, ಟ್ರ್ಯಾಕ್ಟರ್ ನಿಂತು, ಮಕ್ಕಳು ಓಡಾಡಿ ಗಟ್ಟಿಯಾದ ನೆಲ. ಮೇಲೆ ಬಚ್ಚಲ ನೀರು, ಮಾಳಿಗೆಯಿಂದ ಸುರಿಯುವ ನೀರು. ಅದಕ್ಕೂ ಮಿಗಿಲಾಗಿ, ನಾವು ಮೊಬೈಲಿನಲ್ಲಿ ನೋಡುವ ಕೈತೋಟದ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಕೆಂಪುಮಣ್ಣಿಗೋ ಕರಾವಳಿಯ ಹುಳಿಮಣ್ಣಿಗೋ ಹೇಳಿದವು. ಅಷ್ಟು ದೂರ ಯಾಕೆ, ನಮ್ಮದೇ ಧಾರವಾಡ ಜಿಲ್ಲೆಯ ಕಲಘಟಗಿಯ ಮಸಾರಿ ನೆಲದಲ್ಲಿ ಸರಿಹೋಗುವ ಪದ್ಧತಿ ಯರಗುಪ್ಪಿಯ ಹಿತ್ತಲಿಗೆ ಹೊಂದುವುದಿಲ್ಲ.

ಈ ಮಣ್ಣಿನ ಸ್ವಭಾವ

ಎರಿಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡಿ ಇರುವುದು ಸಾಮಾನ್ಯ. ಅದರಲ್ಲೂ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯ ಪದರುಗಳ ನಡುವೆ ನೀರು ಹೊಕ್ಕರೆ ಅದು ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ರಾಡಿ, ಎರಡಕ್ಕೂ ಇದೇ ಕಾರಣ. ವಿದರ್ಭದಲ್ಲಿ, ಸುಡಾನಿನ ಗೆಝೀರಾ ಬಯಲಿನಲ್ಲಿ, ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್‌ನಲ್ಲಿ ಇರುವುದೂ ಇದೇ ಬಗೆಯ ಮಣ್ಣು. ಎಲ್ಲ ಕಡೆಯೂ ಹತ್ತಿ ಅಥವಾ ಜೋಳದ ನೆಲವೇ.

ಒಮ್ಮೆ ಉಬ್ಬಿ ಕೂತಿತೆಂದರೆ ಒಳಗಿನ ಸಂದುಗಳೆಲ್ಲ ಮುಚ್ಚಿ ನೀರು ಕೆಳಗಿಳಿಯುವುದು ಬಹಳ ನಿಧಾನ. ಬೇರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಸಿಗದ ಬೇರು ನೀರಿನಲ್ಲಿ ನಿಂತಿದ್ದರೂ ನೀರು ಎಳೆದುಕೊಳ್ಳಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲೂ ಗಿಡ ಬಾಯಾರಿದಂತೆ ಬಾಡುತ್ತದೆ.

ಎರಡನೆಯ ಗುಣ, ಸುಣ್ಣದ ಅಂಶ. ಹೊಲ ಅಗೆದಾಗ ಸಿಗುವ ಬಿಳಿ ಸುಣ್ಣಕಲ್ಲು ನೋಡಿಯೇ ಇದ್ದೀರಿ. ಇಂಥ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರಿಂದ 8.5ರ ಆಸುಪಾಸು. ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಆ ಕ್ಷಾರದಲ್ಲಿ ಗಿಡಕ್ಕೆ ದಕ್ಕುವುದಿಲ್ಲ.

ಒಳ್ಳೆಯ ಗುಣ ಹೇಳದಿದ್ದರೆ ತಪ್ಪಾದೀತು. ನೀರನ್ನೂ ಗೊಬ್ಬರದ ಸಾರವನ್ನೂ ಇಷ್ಟು ದಿನ ಹಿಡಿದಿಟ್ಟುಕೊಳ್ಳುವ ಮಣ್ಣು ಇನ್ನೊಂದಿಲ್ಲ. ಬರೀ ಇಬ್ಬನಿ ಮತ್ತು ಒಳಹಸಿಯ ಮೇಲೆ ಕಡಲೆ ಬರುವ ನೆಲ ಇದು. ಕೆಂಪುಮಣ್ಣಿನ ಹಿತ್ತಲಿನವರು ದಿನಾ ನೀರು ಹಾಕುವಾಗ ನೀವು ವಾರಕ್ಕೊಮ್ಮೆ ಹಾಕಿ ಆರಾಮವಾಗಿರಬಹುದು, ಮಡಿ ಸರಿಯಾಗಿ ಮಾಡಿಕೊಂಡಿದ್ದರೆ.

ಗುದ್ದಲಿ ಹಿಡಿಯುವ ಮೊದಲು

ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ನೀರಿನದು. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಸಂಜೆ ಮತ್ತೆ ತುಂಬಿಸಿ. ಬೆಳಗ್ಗೆ ನೋಡಿದಾಗ ಗುಂಡಿಯಲ್ಲಿ ಇನ್ನೂ ನೀರು ನಿಂತಿದ್ದರೆ ಆ ಜಾಗದಲ್ಲಿ ನೆಲಮಟ್ಟದ ಮಡಿ ಮಾಡುವ ಆಸೆ ಬಿಡಿ.

ಎರಡನೆಯದು ಹದದ್ದು. ನಾಲ್ಕೈದು ಇಂಚು ಕೆಳಗಿನ ಮಣ್ಣು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಸುಕಿ. ಬೆರಳಿನ ಗುರುತು ಹೊಳಪಾಗಿ ಮೂಡಿ, ಅಂಗೈಗೆ ಮಣ್ಣು ಮೆತ್ತಿಕೊಂಡರೆ ಹಸಿ ಹೆಚ್ಚು, ಕಾಯಬೇಕು. ಉಂಡೆಯಾಗಿ, ಸೊಂಟದೆತ್ತರದಿಂದ ಬಿಟ್ಟಾಗ ನುಚ್ಚುನುಚ್ಚಾಗಿ ಒಡೆದರೆ ಹದ ಬಂದಿದೆ. ಹಿಸುಕಲು ಬಾರದಷ್ಟು ಗಟ್ಟಿಯಿದ್ದರೆ ಹದ ದಾಟಿದೆ. ಎರಿಮಣ್ಣಿನ ಹದ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹೊಲ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಹೊಲದಲ್ಲಿ ಹದಕ್ಕಾಗಿ ಆಕಾಶ ನೋಡುತ್ತ ಕೂರುವವರೇ ಹಿತ್ತಲಿಗೆ ಬಂದಾಗ ಭಾನುವಾರ ಪುರುಸೊತ್ತು ಸಿಕ್ಕಿತೆಂದು ರಾಡಿಯಲ್ಲಿ ಅಗೆಯುತ್ತಾರೆ. ಹಸಿಯಲ್ಲಿ ಅಗೆದ ಎರಿಮಣ್ಣು ಒಣಗಿದ ಮೇಲೆ ಕಲ್ಲಿನಂಥ ಹೆಂಟೆಯಾಗುತ್ತದೆ. ಆ ವರ್ಷ ಮತ್ತೆ ಅದನ್ನು ಸರಿಮಾಡುವುದು ಕಷ್ಟ.

ಸಾಧ್ಯವಿದ್ದರೆ ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ನಾಲ್ಕೈದು ಕಡೆ ಆರು ಇಂಚು ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆ ಚೀಲಕ್ಕೆ ತುಂಬಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಣ್ಣಿನ ಮೇಲೆ ಬಿಳಿ ಪುಡಿ ಮೂಡುವ ಸವಳು ಜಾಗವಾದರೆ ಪರೀಕ್ಷೆ ಬಿಡಲೇಬೇಡಿ. ಜಿಪ್ಸಂ ಬೇಕೋ ಬೇಡವೋ, ಬೇಕಾದರೆ ಎಷ್ಟು ಎಂಬುದು ಅದರಿಂದಲೇ ಗೊತ್ತಾಗಬೇಕು.

ಏರುಮಡಿ ಮಾಡುವ ಬಗೆ

ಗಿಡದ ಬೇರು ನಿಂತ ನೀರಿಗಿಂತ ಮೇಲಿರಬೇಕು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೈದರಾಬಾದ್ ಹತ್ತಿರದ ಪಟಾಂಚೇರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆ ಕಪ್ಪುಮಣ್ಣಿನ ಹೊಲಗಳಿಗೆಂದು ಅಗಲ ಮಡಿ ಮತ್ತು ಸಾಲುಗಾಲುವೆಯ ಪದ್ಧತಿಯನ್ನು ರೂಪಿಸಿದ್ದು ಇದೇ ತತ್ವದ ಮೇಲೆ. ಹಿತ್ತಲಿಗೆ ಅದನ್ನೇ ಚಿಕ್ಕದು ಮಾಡಿಕೊಳ್ಳೋಣ.

1. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಜಾಗ ಆರಿಸಿ. ಮನೆಯ ಗೋಡೆಯಿಂದ ಕನಿಷ್ಠ ಐದಡಿ ದೂರ ಇರಲಿ. ಎರಿಮಣ್ಣಿಗೆ ಬಿಟ್ಟು ಬಿಟ್ಟು ನೀರು ಬಿದ್ದರೆ ಅದು ಉಬ್ಬಿ ಕುಗ್ಗಿ ಅಡಿಪಾಯವನ್ನು ಅಲುಗಿಸುತ್ತದೆ. ಗೋಡೆಗೆ ಹತ್ತಿಸಿ ತೋಟ ಮಾಡಿದ ಮನೆಗಳಲ್ಲಿ ಸೀಳು ಬಿಡುವುದಕ್ಕೆ ಇದೂ ಒಂದು ಕಾರಣ.

2. ಮೇ ತಿಂಗಳ ಗುಡುಗು ಮಳೆಯೊಂದು ಬಿದ್ದು ಹದ ಬಂದಾಗ ಒಂದು ಅಡಿ ಆಳಕ್ಕೆ ಅಗೆದು ಬಿಡಿ. ಹೆಂಟೆಗಳನ್ನು ಬಡಿದು ಪುಡಿ ಮಾಡುವ ಗೋಜಿಗೆ ಹೋಗಬೇಡಿ. ಬಿಸಿಲಿಗೆ ಕಾದು, ಮುಂದಿನ ಮಳೆಗೆ ನೆಂದು ಅವು ತಾವಾಗಿಯೇ ಪುಡಿಯಾಗುತ್ತವೆ. ಈ ಮಣ್ಣು ತನ್ನ ಕೆಲಸ ತಾನೇ ಮಾಡಿಕೊಳ್ಳುವುದು ಇದೊಂದೇ ವಿಷಯದಲ್ಲಿ, ಅದನ್ನು ಬಳಸಿಕೊಳ್ಳಿ.

3. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿ ಗುರುತು ಹಾಕಿ. ಮೂರಡಿಗಿಂತ ಹೆಚ್ಚು ಅಗಲ ಬೇಡ. ಎರಡೂ ಬದಿಯಿಂದ ಕೈ ನಡುವಿಗೆ ಮುಟ್ಟಬೇಕು. ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರಬಾರದು.

4. ಮಡಿಯ ಸುತ್ತ ಒಂದೂವರೆ ಅಡಿ ಅಗಲದ ದಾರಿ ಬಿಟ್ಟು, ಆ ದಾರಿಯ ಮಣ್ಣನ್ನು ಸಲಿಕೆಯಿಂದ ತೆಗೆದು ಮಡಿಗೆ ಏರಿಸಿ. ದಾರಿ ತಗ್ಗಾಗಿ ಕಾಲುವೆಯಾಗುತ್ತದೆ, ಮಡಿ ಹತ್ತು ಇಂಚಿನಿಂದ ಒಂದು ಅಡಿ ಎತ್ತರವಾಗುತ್ತದೆ. ಆ ಕಾಲುವೆಯ ನೀರು ಹಿತ್ತಲ ಹೊರಗೆ ಹೋಗುವಂತೆ ಇಳಿಜಾರು ಕೊಡಿ. ಇದನ್ನು ಬಿಟ್ಟರೆ ಮಡಿಯ ಸುತ್ತ ಹೊಂಡ ಕಟ್ಟಿದಂತೆ. ಅಂಚಿಗೆ ಹಳೆಯ ಹಂಚು, ಕಲ್ಲು ನಿಲ್ಲಿಸಿದರೆ ಮಣ್ಣು ಜಾರುವುದಿಲ್ಲ.

5. ಇಷ್ಟು ದೊಡ್ಡ ಮಡಿಗೆ ಮೊದಲ ವರ್ಷ ಎರಡು ದೊಡ್ಡ ಬುಟ್ಟಿ, ಅಂದರೆ ಹದಿನೈದಿಪ್ಪತ್ತು ಕಿಲೋ, ಚೆನ್ನಾಗಿ ಕಳಿತ ತಿಪ್ಪಿಗೊಬ್ಬರ ಮೇಲಿನ ಆರು ಇಂಚಿನಲ್ಲಿ ಬೆರೆಸಿ. ಕಾಲು ಕಿಲೋ ಬೇವಿನ ಹಿಂಡಿ ಸೇರಿಸಿದರೆ ಗೊಣ್ಣೆಹುಳದ ಕಾಟ ಕಡಿಮೆ. ಗೊಬ್ಬರ ಕಳಿತಿದೆಯೋ ಇಲ್ಲವೋ ಮೂಸಿ ನೋಡಿ. ಸಗಣಿ ವಾಸನೆ ಬಂದರೆ ಇನ್ನೂ ಆಗಿಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಗಿದೆ.

6. ಸಸಿ ಕೂತ ಮೇಲೆ ಮಡಿಯನ್ನು ಎರಡು ಇಂಚು ದಪ್ಪ ಮುಚ್ಚಿ. ಶೇಂಗಾ ಹೊಟ್ಟು, ಗೋವಿನಜೋಳದ ರವದಿ, ದನ ತಿಂದು ಬಿಟ್ಟ ಜೋಳದ ಕಣಿಕೆಯ ದಂಟು, ಯಾವುದಾದರೂ ನಡೆದೀತು. ಬಿರುಕು ಬಿಡುವುದು ನಿಲ್ಲುತ್ತದೆ. ಬಿರುಕು ಬರೀ ನೋಟದ ತೊಂದರೆಯಲ್ಲ, ಅದು ಬೇರನ್ನು ಹರಿಯುತ್ತದೆ, ಒಳಹಸಿಯನ್ನು ಹೊರಗೆ ಬಿಡುತ್ತದೆ. ಮುಚ್ಚಿಗೆ ಇಲ್ಲದ ಕಡೆ ಕುರಪಿಯಿಂದ ಮೇಲಿನ ಒಂದಿಂಚು ಮಣ್ಣು ಸಡಿಲ ಮಾಡುತ್ತಿರಿ. ಹೊಲದಲ್ಲಿ ಎಡೆ ಹೊಡೆಯುವುದೂ ಇದಕ್ಕೇ.

ಗೊಬ್ಬರವನ್ನು ಪ್ರತಿವರ್ಷ ಹಾಕಬೇಕು. ನಮ್ಮ ಬಿಸಿಲಿಗೆ ಅದು ಬೇಗ ಕರಗಿಹೋಗುತ್ತದೆ. ಮೂರನೆಯ ವರ್ಷಕ್ಕೆ ಮಡಿಯ ಮಣ್ಣು ಬರಿಗೈಯಿಂದ ಕೆದಕುವಷ್ಟು ಮೆತ್ತಗಾಗಿರುತ್ತದೆ.

ನೀರು: ಎಷ್ಟು, ಯಾವಾಗ

ಮೇಲೆ ಕೂದಲೆಳೆಯ ಬಿರುಕು ಕಂಡ ಕೂಡಲೇ ನೀರು ಹಾಕುವ ಅಭ್ಯಾಸ ಬಿಡಬೇಕು. ಬೆರಳನ್ನು ಎರಡು ಇಂಚು ಒಳಗೆ ಚುಚ್ಚಿ ನೋಡಿ. ತಣ್ಣಗೆ ತಾಗಿದರೆ ಬೇಡ. ಹಿಂಗಾರಿನಲ್ಲಿ ಕಾಯಿಗಿಡಗಳಿಗೆ ಆರೇಳು ದಿನಕ್ಕೊಮ್ಮೆ, ತಪ್ಪಲು ಪಲ್ಯಗಳಿಗೆ ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಬೇಸಿಗೆಯಲ್ಲಿ ಅಂತರ ಅರ್ಧಕ್ಕಿಳಿಯುತ್ತದೆ. ಹಾಕಿದಾಗ ಮಾತ್ರ ಬೇರಿನ ಆಳಕ್ಕೆ ಇಳಿಯುವಂತೆ ನಿಧಾನವಾಗಿ ಹಾಕಿ. ದಿನಾ ಚಿಮುಕಿಸಿದ ನೀರು ಮೇಲಿನ ಪದರು ರಾಡಿ ಮಾಡಿ, ಮಧ್ಯಾಹ್ನಕ್ಕೆ ಹೆಪ್ಪುಗಟ್ಟಿಸಿ ಹೋಗುತ್ತದೆ.

ಬೋರಿನ ನೀರು ಸವಳಾಗಿರುವ ಊರು ನಮ್ಮಲ್ಲಿ ಬಹಳ. ಕುಡಿಯಲು ಕೆರೆ ನೀರು ನೆಚ್ಚಿಕೊಂಡಿರುವುದೂ ಅದಕ್ಕೇ. ಅಂಥ ನೀರನ್ನೇ ಹಾಕಬೇಕಾಗಿ ಬಂದರೆ ಎಲೆಯ ಮೇಲೆ ಬೀಳಿಸದೆ ಬುಡಕ್ಕೆ ಹಾಕಿ. ಮಾಳಿಗೆಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಾದರೂ ಹಿಡಿದಿಟ್ಟು ಸಸಿಮಡಿಗೆ ಮೀಸಲಿಡಿ. ಎಳೆ ಸಸಿ ಉಪ್ಪು ತಡೆಯುವುದಿಲ್ಲ. ಅವರಿ, ಮೂಲಂಗಿಗೂ ಸವಳು ಆಗದು. ಬದನಿ, ಬೀಟ್‌ರೂಟ್, ಪಾಲಕ ಒಂದಿಷ್ಟು ತಾಳಿಕೊಳ್ಳುತ್ತವೆ.

ಬಚ್ಚಲ ನೀರಿನ ವಿಷಯದಲ್ಲಿ ಎಚ್ಚರ ಬೇಕು. ಮೈ ತೊಳೆದ ನೀರು ಬಾಳೆ, ಕೆಸವಿಗೆ ಹೋದರೆ ಅಡ್ಡಿಯಿಲ್ಲ. ಬಟ್ಟೆ ಒಗೆದ ಪುಡಿಯ ನೀರು ಬೇಡವೇ ಬೇಡ. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿ, ಮಣ್ಣನ್ನು ಇನ್ನಷ್ಟು ಅಂಟಾಗಿಸುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತೆ, ಮೂಲಂಗಿ, ಹಕ್ಕರಕಿ, ಪುದೀನಾಗಳಿಗೆ ಯಾವ ಬಚ್ಚಲ ನೀರೂ ತಾಗಬಾರದು.

ಯಾವ ಮಳೆಗೆ ಏನು

ರೋಹಿಣಿ, ಮೃಗಶಿರ ಮಳೆಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೆಯ ವಾರದೊಳಗೆ, ಬೆಂಡಿ, ಚವಳಿ, ಹೀರಿ, ಹಾಗಲ, ಪುಂಡಿ, ರಾಜಗಿರಿ ಬೀಜ ನೇರವಾಗಿ ಊರಿ. ಬದನಿ, ಮೆಣಸಿನಕಾಯಿಗಳ ಸಸಿ ಇದೇ ಹೊತ್ತಿಗೆ ಬಿಟ್ಟುಕೊಂಡರೆ ಐದಾರು ವಾರಕ್ಕೆ ನಾಟಿಗೆ ಬರುತ್ತವೆ. ಹೀಗೆ ಬಿತ್ತಿದ ಪುಂಡಿ, ಚವಳಿ, ಬದನಿಕಾಯಿ ಸೀಗಿ ಹುಣ್ಣಿಮೆಯ ಚರಗಕ್ಕೆ ಮನೆಯಿಂದಲೇ ಒದಗುತ್ತವೆ.

ಹಸ್ತ, ಚಿತ್ತಾ ಮಳೆ ಮುಗಿಯುವ ಅಕ್ಟೋಬರ್ ಎರಿಮಣ್ಣಿನ ಹಿತ್ತಲಿಗೆ ವರ್ಷದ ಅತ್ಯುತ್ತಮ ಕಾಲ. ಮೊದಲ ಸಲ ತೋಟ ಮಾಡುವವರು ಜೂನಿನ ರಾಡಿಯಲ್ಲಿ ಶುರುಮಾಡಿ ಬೇಸತ್ತು ಬಿಡುವುದಕ್ಕಿಂತ ಈ ತಿಂಗಳು ಆರಂಭಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನೆಲದಲ್ಲಿ ಹಸಿಯಿದೆ, ಮೇಲೆ ಚಳಿಯಿದೆ, ರೋಗ ಕಡಿಮೆ. ಮೆಂತೆ, ಕೊತ್ತಂಬರಿ, ಸಬ್ಬಸಿಗಿ, ಪಾಲಕ, ಮೂಲಂಗಿ, ಉಳ್ಳಾಗಡ್ಡಿ, ಅವರಿ, ಟೊಮೆಟೊ ಎಲ್ಲಕ್ಕೂ ಹೊಂದುವ ಹವೆ. ಒಂದು ಮೂಲೆಯಲ್ಲಿ ಹಿಡಿ ಕಡಲೆ ಚೆಲ್ಲಿದರೆ ಚಿಗುರು ಚಿವುಟಿ ಪಲ್ಯ ಮಾಡಿಕೊಳ್ಳಬಹುದು. ಚಿವುಟಿದಷ್ಟೂ ಕವಲೊಡೆಯುತ್ತದೆ.

ಕೊತ್ತಂಬರಿ ಹುಟ್ಟುವುದೇ ಇಲ್ಲ ಎಂಬ ದೂರು ಎಲ್ಲರದು. ಕಾಳನ್ನು ಕಾಲಿನಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ, ಅರ್ಧ ಇಂಚು ಆಳದ ಗೆರೆಯಲ್ಲಿ ಬಿತ್ತಿ. ಬಿತ್ತಿದ ಮೇಲೆ ಎರಿಮಣ್ಣು ಎಳೆಯದೆ, ಪುಡಿ ಗೊಬ್ಬರ ಉದುರಿಸಿ ಮುಚ್ಚಿ. ಗುಟ್ಟೆಲ್ಲ ಇರುವುದು ಇಲ್ಲಿ. ಎರಿಮಣ್ಣು ಒಣಗಿ ಹೆಪ್ಪುಗಟ್ಟಿದರೆ ಎಳೆಯ ಮೊಳಕೆ ಅದನ್ನು ಒಡೆದು ಬರಲಾರದು. ಎಂಟರಿಂದ ಹದಿನೈದು ದಿನ ತಾಳ್ಮೆ ಬೇಕು. ಮೆಂತೆಯಾದರೆ ನಾಲ್ಕೈದು ದಿನಕ್ಕೇ ತಲೆಯೆತ್ತುತ್ತದೆ. ಸಬ್ಬಸಿಗಿಗೂ ಉಳ್ಳಾಗಡ್ಡಿ ಬೀಜಕ್ಕೂ ಇದೇ ಗೊಬ್ಬರದ ಮುಚ್ಚಿಗೆ.

ಗಜ್ಜರಿಯ ಆಸೆ ಬಿಟ್ಟರೆ ಒಳ್ಳೆಯದು. ಜೇಡಿಯಲ್ಲಿ ಅದು ಕವಲೊಡೆದು ಸೊಟ್ಟಗಾಗುತ್ತದೆ. ಅದರ ಬದಲು ಮೂಲಂಗಿ ಹಾಕಿ, ಎಳೆಯದಿರುವಾಗಲೇ ತಪ್ಪಲು ಸಮೇತ ಕಿತ್ತು ತಿನ್ನಿ.

ಅಂತರದ ಬಗ್ಗೆ ಜಿಪುಣತನ ಬೇಡ. ಬದನಿಗೆ ಎರಡೂವರೆ ಅಡಿ, ಟೊಮೆಟೊಗೆ ಎರಡು, ಮೆಣಸಿನಕಾಯಿಗೆ ಒಂದೂವರೆಯಿಂದ ಎರಡು, ಬೆಂಡಿಗೆ ಒಂದು ಅಡಿ. ಐದು ಜನರ ಮನೆಗೆ ನಾಲ್ಕು ಬದನಿ ಗಿಡ, ಆರು ಮೆಣಸಿನ ಗಿಡ ಧಾರಾಳ. ಚವಳಿಯಲ್ಲಿ ಪೂಸಾ ನವಬಹಾರ್ ಕವಲಿಲ್ಲದೆ ನೇರ ಬೆಳೆಯುವುದರಿಂದ ಚಿಕ್ಕ ಜಾಗಕ್ಕೆ ಹಿಡಿಸುತ್ತದೆ. ಅವರಿ, ಹೀರಿ ಬಳ್ಳಿ ಹಬ್ಬಿಸಲು ಹತ್ತಿಕಟಗಿ ಬಳಸುವವರು ಅದರಲ್ಲಿ ಉಳಿದ ಒಡೆಯದ ಕಾಯಿಗಳನ್ನೆಲ್ಲ ಕಿತ್ತು ಸುಟ್ಟುಬಿಡಿ. ಗುಲಾಬಿ ಕಾಯಿಕೊರಕ ಅದರೊಳಗೆ ಅಡಗಿದ್ದು ಮುಂದಿನ ವರ್ಷದ ಹತ್ತಿಗೆ ಏರುತ್ತದೆ.

ನುಗ್ಗಿ, ಕರಿಬೇವು, ಲಿಂಬೆಗಳನ್ನು ಗುಂಡಿ ತೋಡಿ ತಗ್ಗಿನಲ್ಲಿ ನೆಡುವುದು ಇಲ್ಲಿ ನಡೆಯದು. ಗುಂಡಿ ನೀರಿನ ಬಟ್ಟಲಾಗುತ್ತದೆ. ಮಸಾರಿ ಮಣ್ಣು, ಗೊಬ್ಬರ ಬೆರೆಸಿ ಗುಂಡಿ ತುಂಬಿಸಿ, ಅದರ ಮೇಲೆ ಒಂದೂವರೆ ಅಡಿ ದಿಬ್ಬ ಮಾಡಿ ದಿಬ್ಬದ ನೆತ್ತಿಗೆ ನೆಡಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ 'ಭಾಗ್ಯ' ನುಗ್ಗಿ ಬೇಗ ಕಾಯಿಗೆ ಬರುತ್ತದೆ. ಮೂರು ಅಡಿಯಾದಾಗ ತುದಿ ಚಿವುಟಿದರೆ ಕೈಗೆ ನಿಲುಕುವ ಎತ್ತರದಲ್ಲೇ ಕವಲೊಡೆಯುತ್ತದೆ. ತುಳಸಿ, ದೊಡ್ಡಪತ್ರೆ, ಲೋಳೆಸರಗಳಿಗೆ ಮಡಿಯ ಅಂಚು ಸಾಕು. ಸಂತೆಯಿಂದ ತಂದ ಪುದೀನಾದ ದಂಟನ್ನು ನೀರಿನ ಲೋಟದಲ್ಲಿಟ್ಟರೆ ಬೇರು ಬಿಡುತ್ತದೆ, ಅದನ್ನು ಅಗಲ ಬಾಯಿಯ ಡಬ್ಬಿಗೆ ನೆಡಿ. ನೆಲಕ್ಕೆ ಬಿಟ್ಟರೆ ಮಡಿಯನ್ನೆಲ್ಲ ಆಕ್ರಮಿಸುತ್ತದೆ.

ಕುಂಡದಲ್ಲಿ ಬೆಳೆಯುವವರಿಗೆ

ಬರೀ ಎರಿಮಣ್ಣು ತುಂಬಿದ ಕುಂಡವನ್ನು ಬೇಸಿಗೆಯಲ್ಲಿ ಒಮ್ಮೆ ಹತ್ತಿರದಿಂದ ನೋಡಿ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಕಿರುಬೆರಳಿನಷ್ಟು ದೂರ ಸರಿದಿರುತ್ತದೆ. ನೀರು ಸುರಿದರೆ ಆ ಸಂದಿನಿಂದ ಸರ್ರನೆ ಇಳಿದು ಕೆಳಗಿನ ತೂತಿನಿಂದ ಹೊರಬರುತ್ತದೆ. ನೀರು ಕುಡಿಯಿತು ಎಂದು ನೀವು ಸಮಾಧಾನಪಡುತ್ತೀರಿ, ನಡುವಿನ ಮುದ್ದೆ ಮಾತ್ರ ಇಟ್ಟಿಗೆಯಂತೆ ಒಣಗಿಯೇ ಇರುತ್ತದೆ.

ಆದ್ದರಿಂದ ಒಂದು ಪಾಲು ಎರಿಮಣ್ಣು, ಎರಡು ಪಾಲು ಕೆಂಪು ಅಥವಾ ಮಸಾರಿ ಮಣ್ಣು, ಎರಡು ಪಾಲು ಗೊಬ್ಬರ ಬೆರೆಸಿ. ಕಲಘಟಗಿ ಕಡೆಗೆ ಹೋಗಿಬರುವವರಿದ್ದರೆ ಎರಡು ಚೀಲ ಮಣ್ಣು ತರಿಸಿಕೊಳ್ಳಿ. ಗೊಬ್ಬರದ ಚೀಲ, ಬಣ್ಣದ ಡಬ್ಬಿ, ಒಡೆದ ಬಕೀಟು ಯಾವುದಾದರೂ ಆದೀತು. ಕೀಟನಾಶಕದ ಡಬ್ಬಿ ಎಷ್ಟು ತೊಳೆದರೂ ಬೇಡ.

ಹಳದಿ ಎಲೆ, ಮುಟುರು, ಕೊರಕ

ತುದಿಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕರಿಬೇವು, ಲಿಂಬೆ, ಗುಲಾಬಿಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೀರಿ. ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಮೊದಲು ಒಂದು ಟೊಂಗೆಗೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಉಳಿದದ್ದಕ್ಕೆ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಕೆಳಗಿನ ಹಳೆಯ ಎಲೆಗಳು ಹಳದಿಯಾದರೆ ಅದು ಬೇರೆ ಮಾತು. ಸಾರಜನಕ ಸಾಲದು, ಇಲ್ಲವೇ ಬುಡದಲ್ಲಿ ನೀರು ನಿಂತಿದೆ.

ಮೆಣಸಿನ ಗಿಡದ ಮುಟುರು ರೋಗಕ್ಕೆ ಎಲೆ ಯಾವ ಕಡೆ ಮಡಚಿದೆ ನೋಡಿ. ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಆರಂಭದಲ್ಲೇ ಎಲೆಯ ಕೆಳಬದಿಗೆ ಜೋರಾಗಿ ನೀರು ಹಾಯಿಸುವುದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಚೂರು ಸಾಬೂನಿನ ಜೊತೆ ಕಲಕಿ ಸಿಂಪಡಿಸುವುದು ಎರಡಕ್ಕೂ ಆಗುತ್ತದೆ. ಇಡೀ ಗಿಡ ಮುರುಟಿದ ಮೇಲೆ ಯಾವ ಔಷಧಿಗೂ ಕಾಯದೆ ಕಿತ್ತು ಹಾಕಿ.

ಬದನಿಯಲ್ಲಿ ಕುಡಿ ಕೊರಕ. ಗಿಡವೆಲ್ಲ ಚೆನ್ನಾಗಿದ್ದು ಒಂದೇ ಒಂದು ಕುಡಿ ಜೋತುಬಿದ್ದಿದ್ದರೆ ಅದನ್ನು ಬಾಡಿದ ಭಾಗಕ್ಕಿಂತ ಎರಡು ಇಂಚು ಕೆಳಗೆ ಚಿವುಟಿ ಸೀಳಿ ನೋಡಿ, ಒಳಗೆ ಗುಲಾಬಿ ಛಾಯೆಯ ಸಣ್ಣ ಹುಳು ಸಿಗುತ್ತದೆ. ವಾರಕ್ಕೆರಡು ಸಲ ಹೀಗೆ ಕುಡಿ ಚಿವುಟಿ ಸುಟ್ಟರೆ, ತೂತುಬಿದ್ದ ಕಾಯಿ ಆರಿಸಿ ತೆಗೆದರೆ ನಾಲ್ಕು ಗಿಡಕ್ಕೆ ಔಷಧಿಯೇ ಬೇಡ.

ಬೇವಿನ ಬೀಜದ ಕಷಾಯ ಮನೆಯಲ್ಲೇ ಆಗುತ್ತದೆ. ಜೂನಿನ ಆಸುಪಾಸು ಉದುರುವ ಬೇವಿನ ಹಣ್ಣು ಆಯ್ದು ತೊಳೆದು ಬೀಜ ನೆರಳಲ್ಲಿ ಒಣಗಿಸಿಡಿ. ಬೇಕಾದಾಗ 50 ಗ್ರಾಂ ತಿರುಳು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಕಲಸಿ ಅದೇ ದಿನ ಸಂಜೆ ಸಿಂಪಡಿಸಿ. ಮರುದಿನಕ್ಕೆ ಇಟ್ಟರೆ ಶಕ್ತಿ ಕುಂದುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮರಳು ಬೆರೆಸುವುದು. ಎರಿಮಣ್ಣು ಸಡಿಲವಾಗಲೆಂದು ಎರಡು ಬುಟ್ಟಿ ಮರಳು ಹಾಕುವವರು ಬಹಳ. ಅಷ್ಟು ಮರಳು ಜೇಡಿಯಲ್ಲಿ ಮುಳುಗಿ ಗಾರೆಯಂತಾಗುತ್ತದೆ. ಮಣ್ಣಿನ ಗುಣ ಬದಲಾಗಬೇಕಾದರೆ ಮಣ್ಣಿಗೆ ಸಮನಾಗಿ ಮರಳು ಬೇಕು, ಅಷ್ಟು ದುಡ್ಡಿಗೆ ಐದು ವರ್ಷದ ಗೊಬ್ಬರ ಬರುತ್ತದೆ.

ಒಲೆ ಬೂದಿ, ಸುಣ್ಣ, ಮೊಟ್ಟೆ ಸಿಪ್ಪೆ. ಹುಳಿಮಣ್ಣಿಗೆ ಇವು ಔಷಧಿ. ಮೊದಲೇ ಕ್ಷಾರವಿರುವ, ಸುಣ್ಣ ತುಂಬಿರುವ ಮಣ್ಣಿಗೆ ಬುಟ್ಟಿಗಟ್ಟಲೆ ಬೂದಿ ಸುರಿಯುವುದು ಕೆಡುಕೇ. ಹೇನು ಬಿದ್ದ ಅವರಿ ಕುಡಿಗೆ ಒಂದು ಚಿಟಿಕೆ ಉದುರಿಸಿದರೆ ಚಿಂತೆಯಿಲ್ಲ.

ಹೊಲದ ಔಷಧಿ, ಹೊಲದ ಪಂಪು. ಹತ್ತಿಗೆ ತಂದು ಉಳಿದ ಕೀಟನಾಶಕವನ್ನು "ಸ್ವಲ್ಪ ಐತಿ, ಬದನಿಗೂ ಹೊಡದ ಬಿಡೂಣು" ಎನ್ನುವುದು ನಮ್ಮಲ್ಲಿ ನಡೆಯುವ ಅತ್ಯಂತ ಅಪಾಯದ ಉಳಿತಾಯ. ಹತ್ತಿಯನ್ನು ಯಾರೂ ತಿನ್ನುವುದಿಲ್ಲ. ಬದನಿಕಾಯಿ ಮೂರನೆಯ ದಿನ ಗಂಗಾಳಕ್ಕೆ ಬರುತ್ತದೆ. ಕಳೆನಾಶಕ ಹೊಡೆದ ಪಂಪನ್ನು ತೊಳೆದರೂ ಹಿತ್ತಲಿಗೆ ತರಬೇಡಿ. ಗೋವಿನಜೋಳಕ್ಕೆ ಹೊಡೆಯುವ 2,4-ಡಿ ತಳದಲ್ಲಿ ಚೂರು ಉಳಿದಿದ್ದರೂ ಟೊಮೆಟೊ ಎಲೆ ದಾರದಂತೆ ಸುರುಟಿಕೊಳ್ಳುತ್ತದೆ. ಹಿತ್ತಲಿಗೆಂದೇ ಎರಡು ಲೀಟರಿನ ಕೈಪಂಪು ಇಟ್ಟುಕೊಳ್ಳಿ.

ಕಲ್ಲು, ಕಟಗಿ, ರವದಿಯ ರಾಶಿಯನ್ನು ಬಾಗಿಲ ಹತ್ತಿರ ಒಟ್ಟುವುದು. ಹಾವು, ಚೇಳು ಅಲ್ಲೇ ಸೇರುತ್ತವೆ. ಬಿರುಕುಗಳಲ್ಲೂ ಇರುತ್ತವೆ. ಬರಿಗಾಲಲ್ಲಿ, ಬ್ಯಾಟರಿ ಇಲ್ಲದೆ ರಾತ್ರಿ ಹಿತ್ತಲಿಗೆ ಇಳಿಯಬೇಡಿ. ರವದಿ ಎತ್ತುವಾಗ ಮೊದಲು ಕೋಲಿನಿಂದ ಕೆದಕಿ.

ಬೇಲಿ ಹಾಕದೆ ಬಿತ್ತುವುದಂತೂ ಕೋಳಿ ಮೇಯಿಸಿದಂತೆ. ಹಳೆಯ ಸೀರೆ ನಾಲ್ಕು ಗೂಟಕ್ಕೆ ಬಿಗಿದರೂ ಮೊದಲ ತಿಂಗಳು ಕಳೆಯುತ್ತದೆ.

ಬೀಜ ಎಲ್ಲಿಂದ, ಯಾವುದನ್ನು ಉಳಿಸಿಕೊಳ್ಳಬೇಕು

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಹಿಂಗಾರಿ ತೋಟದ ಬೀಜ ತರಲು ತಕ್ಕ ಹೊತ್ತು. ಪೊಟ್ಟಣದ ಮೇಲೆ ಎಫ್-1 ಅಥವಾ ಹೈಬ್ರಿಡ್ ಎಂದಿದ್ದರೆ ಆ ಗಿಡದ ಬೀಜ ಎತ್ತಿಡಬೇಡಿ, ಮುಂದಿನ ಬೆಳೆ ಒಂದರಂತೆ ಒಂದು ಇರುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಅಂಥ ಸಂಕರ ತಳಿ. ಎಲೆ ಮುರುಟು, ಸೊರಗು, ಎಲೆಚುಕ್ಕೆ ಮೂರನ್ನೂ ತಡೆಯುತ್ತದೆ, ಆದರೆ ಪ್ರತಿಸಲ ಹೊಸ ಬೀಜ ಕೊಳ್ಳಬೇಕು. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡಿ, ಅರ್ಕಾ ವಿಕಾಸ್ ಟೊಮೆಟೊಗಳ ಬೀಜ ನೀವೇ ಮಾಡಿಕೊಳ್ಳಬಹುದು.

ಪುಂಡಿ, ಚವಳಿ, ಅವರಿ, ಮೆಂತೆಗಳ ಬೀಜವನ್ನಂತೂ ಎಂದೂ ಕೊಳ್ಳುವ ಅಗತ್ಯವಿಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಎರಡು ಗಿಡಕ್ಕೆ ದಾರ ಕಟ್ಟಿ, ಅವುಗಳ ಕಾಯಿ ಪಲ್ಯಕ್ಕೆ ಕೀಳದೆ ಗಿಡದಲ್ಲೇ ಒಣಗಲು ಬಿಡಿ. ದಾರ ಕಟ್ಟಿದ್ದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿರಿ, ಇಲ್ಲದಿದ್ದರೆ ಸಾರಿಗೆ ಹೋಗುವುದು ಖಂಡಿತ. ಬೆಂಡಿಯ ಬೀಜಕ್ಕೆ ಹಳದಿ ನರ ಬಿದ್ದ ಗಿಡ ಬೇಡ. ಮೆಣಸಿನಕಾಯಿ ಬೀಜ ತೆಗೆಯುವವರು ಬ್ಯಾಡಗಿ ಕಡ್ಡಿ, ಡಬ್ಬಿಗಳ ಪಕ್ಕ ಬೇರೆ ತಳಿ ಇಟ್ಟಿದ್ದರೆ ಬೀಜ ಬೆರಕೆಯಾಗುತ್ತದೆಂದು ತಿಳಿದಿರಲಿ, ಜೇನು ಅದನ್ನು ನೋಡಿಕೊಳ್ಳುತ್ತದೆ.

ಒಣಗಿದ ಬೀಜವನ್ನು ಬಿಸಿಲಿನಲ್ಲಿ ಒಂದೆರಡು ತಾಸು ಹರವಿ, ತಣ್ಣಗಾದ ಮೇಲೆ ಒಣ ಬೇವಿನೆಲೆಯ ಜೊತೆ ಗಾಜಿನ ಬಾಟಲಿಗೆ ತುಂಬಿ, ಹೆಸರು ಮತ್ತು ವರ್ಷ ಬರೆದಿಡಿ. ಉಳ್ಳಾಗಡ್ಡಿ ಬೀಜ ಒಂದು ವರ್ಷ ದಾಟಿದರೆ ಸರಿಯಾಗಿ ಹುಟ್ಟುವುದಿಲ್ಲ. ಬದನಿ, ಟೊಮೆಟೊ ಬೀಜ ಮೂರು ವರ್ಷಕ್ಕೂ ಬರುತ್ತದೆ. ಹಳೆಯ ಬೀಜದ ಮೇಲೆ ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಆರಕ್ಕಿಂತ ಕಡಿಮೆ ಮೊಳೆತರೆ ದಟ್ಟವಾಗಿ ಬಿತ್ತಿ, ಮೂರಕ್ಕಿಂತ ಕಡಿಮೆಯಾದರೆ ಕೋಳಿಗೆ ಹಾಕಿ.